ವಯಸ್ಸೂ ವಿಜಯವೂ: ಗಾಲ್ಫ್ ಆಟದ ಮಹಾವಿಜೇತರನ್ನು ಕುರಿತ ಒಂದು ಐತಿಹಾಸಿಕ ಪರಿಶೀಲನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಜಾತ್ರೆಯ ಕಾಲಕ್ಕೆ ನಡೆಯುವ ಕುಸ್ತಿಗಳನ್ನು ಕಂಡವರಿಗೆ ಒಂದು ಸಂಗತಿ ಪರಿಚಿತವಾಗಿರಬೇಕು. ಜೋಡಿ ಕಟ್ಟುವ ಹಿರಿಯರು ಪೈಲ್ವಾನನ ಮೈಕಟ್ಟನ್ನು ನೋಡುವುದರ ಜೊತೆಯಲ್ಲಿಯೇ ಅವನ ವಯಸ್ಸನ್ನೂ ವಿಚಾರಿಸುತ್ತಾರೆ. ಇಪ್ಪತ್ತರ ಒಳಗಿನವನಾದರೆ ‘ಇನ್ನೂ ಎಳಸು’ ಎನ್ನುತ್ತಾರೆ. ಮೂವತ್ತನ್ನು ದಾಟಿದವನಾದರೆ ‘ಅವನ ಕಾಲ ಮುಗಿಯಿತು’ ಎನ್ನುತ್ತಾರೆ. ಈ ಎರಡು ಮಾತುಗಳ ನಡುವಣ ಹತ್ತು ವರ್ಷಗಳೇ ಆಟಗಾರನ ಆಯುಸ್ಸು ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬೇರೂರಿದೆ. ಕಾಲೇಜುಗಳಲ್ಲಿ ಆಟೋಟಗಳ ವಿಚಾರ ಬಂದಾಗ ಅಧ್ಯಾಪಕರಾದ ನಾವೂ ಇದೇ ಮಾತನ್ನು ಬೇರೆ ಪದಗಳಲ್ಲಿ ಆಡುತ್ತೇವೆ. ಜಗಳೂರಿನ ಕಡೆಯ ಹಳ್ಳಿಯೊಂದರಿಂದ ಬಂದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮೈದಾನಕ್ಕಿಳಿದ ವಿದ್ಯಾರ್ಥಿಯೊಬ್ಬನಿಗೆ ‘ನೀನು ತಡವಾಗಿ ಬಂದೆ’ ಎಂದು ಆಯ್ಕೆ ಮಾಡುವವರೊಬ್ಬರು ಹೇಳಿ ಕಳುಹಿಸಿದುದನ್ನು ನಾವು ಪಕ್ಕದಲ್ಲಿಯೇ ನಿಂತು ಕೇಳಿದ್ದೆವು. ಆಗ ನಮಗೂ ಅದು ಸರಿಯೆಂದೇ ತೋರಿತ್ತು. ಆ ತೀರ್ಪಿಗೆ ಇತಿಹಾಸದ ಆಧಾರವೇನಾದರೂ ಉಂಟೆ ಎಂಬ ಪ್ರಶ್ನೆ ಹುಟ್ಟಿದುದು ಅನಂತರ. ಪ್ರಸ್ತುತ ಲೇಖನವು ಆ ಪ್ರಶ್ನೆಯ ಫಲವಾಗಿದೆ.

ನಮ್ಮ ಗರಡಿಗಳ ಇತಿಹಾಸದಿಂದಲೇ ಉತ್ತರವನ್ನು ಪಡೆಯಲು ನಾವು ಮೊದಲು ಯತ್ನಿಸಿದೆವು. ಆ ಯತ್ನವು ಫಲಿಸಲಿಲ್ಲ. ಯಾವ ಪೈಲ್ವಾನನು ಯಾರನ್ನು ಎಲ್ಲಿ ಚಿತ್ತು ಮಾಡಿದನೆಂಬುದನ್ನು ಊರಿನವರು ನಿನ್ನೆ ನಡೆದಂತೆ ವರ್ಣಿಸುತ್ತಾರೆ. ಆದರೆ ಅಂದು ಅವನ ವಯಸ್ಸೆಷ್ಟು ಎಂದು ಕೇಳಿದರೆ ಉತ್ತರಗಳು ಚದರಿಹೋಗುತ್ತವೆ. ಜನನ ಮರಣಗಳ ನೋಂದಣಿಯ ಬಗೆಗೆ ಇಡೀ ದೇಶಕ್ಕೆ ಅನ್ವಯಿಸುವ ಶಾಸನವಾದುದು ೧೯೬೯ರಲ್ಲಿ. ಅದಕ್ಕೆ ಹಿಂದೆ, ಅದಾದ ಮೇಲೆಯೂ ಬಹುಕಾಲ, ಹಳ್ಳಿಯ ಮಗುವಿನ ಹುಟ್ಟಿದ ದಿನವನ್ನು ಗೊತ್ತುಮಾಡಿದವರು ಅದನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟರು. ಶಾಲೆಗಳು ಜೂನ್ ತಿಂಗಳಿನಲ್ಲಿ ಆರಂಭವಾಗುವುದರಿಂದ ಊರಿನ ಮಕ್ಕಳಲ್ಲಿ ಬಹುಮಂದಿ ಜೂನ್ ೧ರಂದೇ ಹುಟ್ಟಿದವರೆಂದು ದಾಖಲೆಗಳು ಸಾರುತ್ತವೆ. (ಈ ಲೇಖಕರ ಜನ್ಮದಿನವೂ ಕಾಗದದ ಮೇಲೆ ಅದೇ ಆಗಿದೆ, ಮನೆಯವರ ಲೆಕ್ಕದಲ್ಲಿ ಅದು ಯುಗಾದಿಯ ಆಸುಪಾಸು.) ದಾಖಲೆಯಿಲ್ಲದ ಹಿರಿಯರಾದರೋ ತಮ್ಮ ಹುಟ್ಟನ್ನು ಸೂಳೆಕೆರೆ ಕೋಡಿ ಬಿದ್ದ ವರ್ಷ, ಹೊಳೆ ಊರೊಳಗೆ ಬಂದ ವರ್ಷ, ಭದ್ರಾ ನಾಲೆಗೆ ನೀರು ಬಿಟ್ಟ ವರ್ಷ ಎಂದು ಗುರುತಿಸುತ್ತಾರೆ. ಇಂತಹ ಗುರುತುಗಳು ಇತಿಹಾಸಕಾರನಿಗೆ ಅಮೂಲ್ಯವಾದವುಗಳೇ ಸರಿ. ಆದರೆ ಆಟಗಾರನ ಬದುಕಿನಲ್ಲಿ ಎರಡು ವರ್ಷಗಳ ವ್ಯತ್ಯಾಸವು ತೀರ್ಮಾನವನ್ನೇ ತಲೆಕೆಳಗು ಮಾಡಬಲ್ಲುದು.

ಈ ತೊಡಕು ಕುಸ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನು ೧೮೦೦ರ ಸೆಪ್ಟೆಂಬರಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದೊಡನೆ ಹೋರಾಡಿ ಮಡಿದನು. ಗೆದ್ದವನಿಗೆ ಅಂದು ೩೧ ವರ್ಷ ವಯಸ್ಸು. ಸೋತವನ ವಯಸ್ಸನ್ನು ಹೇಳಬಲ್ಲ ದಾಖಲೆಯಿಲ್ಲ. ಮಲ್ಲಯುದ್ಧದ ಚರಿತ್ರೆಯಲ್ಲಿ ಜಗತ್ಪ್ರಸಿದ್ಧನಾದ ಗಾಮಾ ಪೈಲ್ವಾನನ ವಿಷಯವೂ ಇದಕ್ಕಿಂತ ಬಹಳ ಬೇರೆಯಲ್ಲ. ೧೯೧೦ರಲ್ಲಿ ಲಂಡನ್ನಿನಲ್ಲಿ ಜ್ಬಿಸ್ಕೊ ಎಂಬ ಪೋಲೆಂಡಿನ ಮಲ್ಲನೊಡನೆ ಎರಡು ಗಂಟೆಗೂ ಮೀರಿ ಸೆಣಸಿ ಕುಸ್ತಿಯು ಇತ್ಯರ್ಥವಾಗದೆ ನಿಂತಿತು. ೧೯೨೮ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಗೆದ್ದನು. ಐವತ್ತರ ಸಮೀಪದಲ್ಲಿದ್ದ ಮಲ್ಲನು ಮೂವತ್ತರಲ್ಲಿ ಮಾಡಲಾಗದುದನ್ನು ಮಾಡಿದನೆಂಬುದು ವಿಸ್ಮಯಕರವಾದ ಸಂಗತಿ. ಆದರೆ ಅವನು ಹುಟ್ಟಿದುದು ೧೮೭೮ರಲ್ಲೆಂದು ಕೆಲವರೂ, ಅದಕ್ಕೆ ಎರಡು ಮೂರು ವರ್ಷಗಳ ಅನಂತರವೆಂದು ಇತರರೂ ಬರೆದಿರುವುದರಿಂದ, ಅದರ ಮೇಲೆ ಸಿದ್ಧಾಂತವನ್ನು ಕಟ್ಟಲು ಧೈರ್ಯ ಸಾಲದು. ಎದುರಾಳಿಯೂ ಮುದಿಯಾಗಿದ್ದನೆಂಬುದನ್ನು ಮರೆಯುವಂತಿಲ್ಲ.

ಆದುದರಿಂದ, ಹುಟ್ಟಿದ ದಿನವೂ ಗೆದ್ದ ದಿನವೂ ಸಂದೇಹಕ್ಕೆಡೆಯಿಲ್ಲದಂತೆ ತಿಳಿದಿರುವ, ದೀರ್ಘಕಾಲ ಒಂದೇ ಕ್ರಮದಲ್ಲಿ ನಡೆದುಬಂದ ಆಟವೊಂದನ್ನು ನಾವು ಅರಸಬೇಕಾಯಿತು. ಗಾಲ್ಫ್ ಅಂತಹ ಆಟ. ಇದು ನಮ್ಮ ಸೀಮೆಯ ಆಟವಲ್ಲವೆಂಬುದು ನಿಜ; ವಾಚಕರಲ್ಲಿ ಹಲವರು ಇದನ್ನು ಚಿತ್ರಗಳಲ್ಲಿ ಮಾತ್ರ ಕಂಡಿರಬಹುದು. ಚಿಕ್ಕ ಚೆಂಡೊಂದನ್ನು ಕೋಲಿನಿಂದ ಹೊಡೆದು, ವಿಶಾಲವಾದ ಹುಲ್ಲುಗಾವಲಿನ ಬೇರೆ ಬೇರೆ ಕಡೆ ತೋಡಿರುವ ಹದಿನೆಂಟು ಕುಳಿಗಳಲ್ಲಿ ಸಾಧ್ಯವಾದಷ್ಟು ಕಡಮೆ ಹೊಡೆತಗಳಿಂದ ಬೀಳಿಸುವುದೇ ಈ ಆಟ. ಇದರಲ್ಲಿ ತೂಕದ ವರ್ಗಗಳಿಲ್ಲ. ಪ್ರಧಾನ ಪಂದ್ಯಾವಳಿಗಳಲ್ಲಿ ಹದಿನೇಳರ ಹುಡುಗನೂ ಐವತ್ತರ ಪ್ರೌಢನೂ ಒಂದೇ ನೆಲದ ಮೇಲೆ, ಒಂದೇ ದಿನ, ಒಂದೇ ಲೆಕ್ಕಕ್ಕೆ ಒಳಪಟ್ಟು ಆಡುತ್ತಾರೆ. ಬ್ರಿಟಿಷ್ ಓಪನ್ ಎಂದು ನಮ್ಮಲ್ಲಿ ಕರೆಯುವ ಪಂದ್ಯಾವಳಿಯು ೧೮೬೦ರಲ್ಲಿ ಆರಂಭವಾಯಿತು. ಅದರ ಜೊತೆಗೆ ಅಮೆರಿಕದ ಓಪನ್, ಪಿ.ಜಿ.ಎ. ಮತ್ತು ಮಾಸ್ಟರ್ಸ್ ಎಂಬ ಮೂರು ಸೇರಿ ಇಂದು ‘ಮೇಜರ್’ ಎನಿಸಿಕೊಂಡಿರುವ ನಾಲ್ಕು ಮಹಾಪಂದ್ಯಾವಳಿಗಳಾಗಿವೆ. ವಯಸ್ಸಿನ ಪ್ರಭಾವವನ್ನು ಅಳೆಯಲು ಇಷ್ಟು ಅನುಕೂಲವಾದ ಸಾಮಗ್ರಿಯು ಬೇರೆ ಆಟಗಳಲ್ಲಿ ಸುಲಭವಾಗಿ ದೊರೆಯದು.

ಈ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಒಂದು ಸೋಜಿಗವು ನಮ್ಮನ್ನು ಎದುರುಗೊಳ್ಳುತ್ತದೆ. ಸ್ಕಾಟ್ಲೆಂಡಿನ ಟಾಮ್ ಮಾರಿಸನು ೧೮೨೧ರಲ್ಲಿ ಹುಟ್ಟಿದವನು. ಓಪನ್ ಪ್ರಶಸ್ತಿಯನ್ನು ೧೮೬೧ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಗೆದ್ದನು. ನಾಲ್ಕನೆಯ ಹಾಗೂ ಕೊನೆಯ ಬಾರಿಗೆ ೧೮೬೭ರಲ್ಲಿ ಗೆದ್ದಾಗ ಅವನಿಗೆ ೪೬ ವರ್ಷ. ಮರುವರ್ಷವೇ ಅದೇ ಪ್ರಶಸ್ತಿಯು ಅವನ ಮಗನಿಗೆ ಸಂದಿತು. ತಂದೆಯ ಹೆಸರನ್ನೇ ಹೊತ್ತಿದ್ದ ಆ ಮಗನು ೧೮೫೧ರ ಏಪ್ರಿಲಿನಲ್ಲಿ ಹುಟ್ಟಿದವನು. ಅಂದು ಅವನಿಗೆ ಹದಿನೇಳು ತುಂಬಿ ಐದು ತಿಂಗಳಾಗಿತ್ತು. ಓಪನ್ ಪಂದ್ಯಾವಳಿಯ ಅತ್ಯಂತ ಹಿರಿಯ ವಿಜೇತನೂ ಅತ್ಯಂತ ಕಿರಿಯ ವಿಜೇತನೂ ಒಂದೇ ಮನೆಯವರು, ಒಂದರ ಹಿಂದೊಂದು ವರ್ಷ ಗೆದ್ದವರು. ಮಗನು ಮುಂದೆ ಇನ್ನೂ ಮೂರು ಸಲ ಗೆದ್ದು, ೧೮೭೫ರ ಕ್ರಿಸ್ಮಸ್ ದಿನದಂದು ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ತಂದೆಯು ಮಗನಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಉಳಿದು ೧೯೦೮ರಲ್ಲಿ ಗತಿಸಿದನು.

ಇದನ್ನು ಓದಿದೊಡನೆ ವಯಸ್ಸಿಗೂ ವಿಜಯಕ್ಕೂ ಸಂಬಂಧವೇ ಇಲ್ಲವೆಂದು ಹೇಳಿಬಿಡುವ ಆಸೆಯಾಗುವುದು ಸಹಜ. ಆ ಆಸೆಯನ್ನು ತಡೆದುಕೊಳ್ಳಬೇಕು. ೧೮೬೦ರ ಮೊದಲ ಓಪನ್ನಿನಲ್ಲಿ ಆಡಿದವರು ಎಂಟು ಮಂದಿ ಮಾತ್ರ. ಆ ಪಂದ್ಯಾವಳಿಯು ಮೊದಲ ಹನ್ನೆರಡು ಸಲ ನಡೆದುದು ಪ್ರೆಸ್ಟ್ವಿಕ್ ಎಂಬ ಒಂದೇ ಮೈದಾನದಲ್ಲಿ. ಆ ಮೈದಾನವನ್ನು ರೂಪಿಸಿದವನೂ ವರ್ಷಗಟ್ಟಲೆ ಅದರ ಹುಲ್ಲನ್ನು ಪಾಲಿಸಿದವನೂ ಹಿರಿಯ ಮಾರಿಸನೇ. ಮಗನು ಬೆಳೆದುದು ಅದರ ಮೇಲೆಯೇ. ಎದುರಾಳಿಗಳು ಕೆಲವೇ ಮಂದಿ, ನೆಲವು ಮನೆಯ ಅಂಗಳ. ಹೀಗಿರುವಲ್ಲಿ ತಂದೆ ಮಕ್ಕಳ ವಿಜಯವು ವಯಸ್ಸಿನ ವಿಷಯಕ್ಕಿಂತ ಹೆಚ್ಚಾಗಿ ಪ್ರವೇಶದ ವಿಷಯವನ್ನು ತಿಳಿಸುತ್ತದೆ: ಯಾರಿಗೆ ಆ ನೆಲದ ಮೇಲೆ ಎಷ್ಟು ಬೇಗ ಕಾಲಿಡಲು ಸಾಧ್ಯವಾಯಿತು, ಎಷ್ಟು ಕಾಲ ನಿಲ್ಲಲು ಸಾಧ್ಯವಾಯಿತು ಎಂಬುದನ್ನು. ಈ ಅಂಶವನ್ನು ಮುಂದಿನ ಉದಾಹರಣೆಗಳಲ್ಲಿಯೂ ವಾಚಕರು ಗಮನದಲ್ಲಿರಿಸಿಕೊಳ್ಳಬೇಕೆಂದು ಕೋರುತ್ತೇವೆ.

ಓಪನ್ ಪ್ರಶಸ್ತಿಯನ್ನು ಆರು ಸಲ ಗೆದ್ದವನು ಇದುವರೆಗೆ ಹ್ಯಾರಿ ವಾರ್ಡನ್ ಒಬ್ಬನೇ. ಅವನ ಮೊದಲ ವಿಜಯವು ೧೮೯೬ರಲ್ಲಿ, ೨೬ನೆಯ ವಯಸ್ಸಿನಲ್ಲಿ. ಆರನೆಯದು ೧೯೧೪ರಲ್ಲಿ, ೪೪ನೆಯ ವಯಸ್ಸಿನಲ್ಲಿ. ನಡುವೆ ಅವನು ಕ್ಷಯರೋಗಕ್ಕೆ ತುತ್ತಾಗಿದ್ದನು. ರೋಗದ ಅನಂತರ ಅವನ ದೀರ್ಘವಾದ ಹೊಡೆತಗಳು ಕೆಡಲಿಲ್ಲ. ಕುಳಿಯ ಸಮೀಪದಲ್ಲಿ ಚೆಂಡನ್ನು ಮೆಲ್ಲನೆ ಉರುಳಿಸಬೇಕಾದಾಗ ಮಾತ್ರ ಬಲಗೈ ಅದುರುತ್ತಿತ್ತು. ೧೯೧೫ರಿಂದ ೧೯೧೯ರ ವರೆಗೆ ಮಹಾಯುದ್ಧದ ಕಾರಣದಿಂದ ಓಪನ್ ನಡೆಯಲೇ ಇಲ್ಲ. ೧೯೨೦ರಲ್ಲಿ, ಐವತ್ತು ತುಂಬಿದ ವಾರ್ಡನ್ ಅಮೆರಿಕದ ಓಪನ್ನಿನ ಕೊನೆಯ ಸುತ್ತಿನಲ್ಲಿ ಮುಂದಿದ್ದನು. ಸರೋವರದ ಕಡೆಯಿಂದ ಬಿರುಗಾಳಿಯೆದ್ದಿತು, ಆಯಾಸಗೊಂಡಿದ್ದ ಅವನು ಹೊಡೆತಗಳನ್ನು ಕಳೆದುಕೊಂಡು, ಒಂದೇ ಒಂದರ ಅಂತರದಿಂದ ಸೋತನು. ಗೆದ್ದ ಟೆಡ್ ರೇ ಎಂಬುವನೇನೂ ತರುಣನಲ್ಲ. ಅವನಿಗೆ ೪೩ ವರ್ಷ. ಇಲ್ಲಿ ವಯಸ್ಸು ಏನನ್ನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಒಂದು ದಿನಕ್ಕೆ ಎರಡು ಸುತ್ತು ನಡೆದು ಆಡಬೇಕಾಗಿದ್ದ ಕಾಲದಲ್ಲಿ ಕೊನೆಯ ಏಳೆಂಟು ಕುಳಿಗಳಲ್ಲಿ ಐವತ್ತರ ಕಾಲುಗಳು ತಮ್ಮ ಇರವನ್ನು ತಿಳಿಸಿಯೇ ತೀರುತ್ತವೆ. ಆದರೆ ಯುದ್ಧವು ಅವನಿಂದ ಕಸಿದುಕೊಂಡ ಐದು ವರ್ಷಗಳನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮಿಗಿಲಾದ ಸಾಕ್ಷ್ಯವನ್ನು ಒದಗಿಸುವವನು ಅಮೆರಿಕದ ಬೆನ್ ಹೋಗನ್. ಬಡತನದಲ್ಲಿ ಹುಟ್ಟಿ, ಇತರರ ಕೋಲುಗಳ ಚೀಲವನ್ನು ಹೊರುವ ಕ್ಯಾಡಿಯಾಗಿ ಆಟವನ್ನು ಕಲಿತ ಇವನು ಹದಿನೇಳನೆಯ ವಯಸ್ಸಿನಲ್ಲಿಯೇ ವೃತ್ತಿಗೆ ಇಳಿದನು. ಆದರೂ ಅವನ ಮೊದಲ ಮಹಾಪ್ರಶಸ್ತಿಯು ೧೯೪೬ರಲ್ಲಿ, ೩೪ನೆಯ ವಯಸ್ಸಿನಲ್ಲಿ. ನಡುವೆ ಹಣದ ಮುಗ್ಗಟ್ಟು, ಹೊಡೆತದ ದೋಷ, ಯುದ್ಧಕಾಲದ ಸೇವೆ. ೧೯೪೯ರ ಫೆಬ್ರವರಿಯಲ್ಲಿ ಅವನ ಕಾರಿಗೆ ಬಸ್ಸೊಂದು ಡಿಕ್ಕಿ ಹೊಡೆದು ಮೂಳೆಗಳು ಮುರಿದವು. ಅವನು ಮತ್ತೆ ನಡೆಯುವುದೇ ಸಂದೇಹವೆನಿಸಿತ್ತು. ಆ ಅಪಘಾತಕ್ಕೆ ಮುಂಚೆ ಅವನು ಗೆದ್ದ ಮಹಾಪ್ರಶಸ್ತಿಗಳು ಮೂರು. ಅನಂತರ ಗೆದ್ದವು ಆರು. ೧೯೫೩ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಒಂದೇ ವರ್ಷ ಮೂರು ಮಹಾಪ್ರಶಸ್ತಿಗಳನ್ನು ಪಡೆದನು. ಮೂವತ್ತಮೂರನೆಯ ವಯಸ್ಸಿನಲ್ಲಿ ಹೋಗನ್ನನನ್ನು ಯಾರಾದರೂ ಅಳೆದಿದ್ದರೆ ‘ಅವನ ಕಾಲ ಮುಗಿಯಿತು’ ಎಂದೇ ಬರೆದಿರುತ್ತಿದ್ದರು. ಅದೇ ೧೯೧೨ರಲ್ಲಿ ಹುಟ್ಟಿದ ಸ್ಯಾಮ್ ಸ್ನೀಡನು ೧೯೬೫ರಲ್ಲಿ, ೫೨ ವರ್ಷ ತುಂಬಿದ ಮೇಲೆ, ಗ್ರೀನ್ಸ್‌ಬರೊ ಪಂದ್ಯಾವಳಿಯನ್ನು ಗೆದ್ದನು. ಇದಕ್ಕೆ ಪ್ರತಿಯಾಗಿ ಬಾಬಿ ಜೋನ್ಸನು ೧೯೩೦ರಲ್ಲಿ ಒಂದೇ ವರ್ಷ ನಾಲ್ಕು ಪ್ರಶಸ್ತಿಗಳನ್ನು ಗೆದ್ದು, ೨೮ನೆಯ ವಯಸ್ಸಿಗೇ ಸ್ಪರ್ಧೆಯಿಂದ ನಿವೃತ್ತನಾದನು. ಅವನು ವೃತ್ತಿಯಿಂದ ವಕೀಲನು. ಅವನನ್ನು ಮೈದಾನದಿಂದ ಹೊರಗೆ ಕರೆದೊಯ್ದುದು ಮುಪ್ಪಲ್ಲ.

ಜ್ಯಾಕ್ ನಿಕ್ಲಾಸ್ ಅವರ ಹದಿನೆಂಟು ಮಹಾಪ್ರಶಸ್ತಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದರೆ ಏಳು ಇಪ್ಪತ್ತರ ದಶಕದಲ್ಲಿ, ಎಂಟು ಮೂವತ್ತರಲ್ಲಿ, ಮೂರು ನಲವತ್ತರಲ್ಲಿ ಬರುತ್ತವೆ. ಮೊದಲನೆಯದು ೧೯೬೨ರಲ್ಲಿ ೨೨ನೆಯ ವಯಸ್ಸಿಗೆ, ಕೊನೆಯದು ೧೯೮೬ರ ಮಾಸ್ಟರ್ಸ್‌ನಲ್ಲಿ ೪೬ನೆಯ ವಯಸ್ಸಿಗೆ. ಟೈಗರ್ ವುಡ್ಸ್ ಅವರ ಹದಿನೈದರಲ್ಲಿ ಹತ್ತು ಇಪ್ಪತ್ತರ ದಶಕಕ್ಕೆ ಸೇರಿದವು, ನಾಲ್ಕು ಮೂವತ್ತರ ಆರಂಭಕ್ಕೆ. ಮಿಕ್ಕ ಒಂದು, ೨೦೦೮ರ ಅನಂತರ ಹನ್ನೊಂದು ವರ್ಷಗಳ ಬರಗಾಲವನ್ನೂ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಗಳನ್ನೂ ದಾಟಿ, ೨೦೧೯ರಲ್ಲಿ ೪೩ನೆಯ ವಯಸ್ಸಿಗೆ ಬಂದುದು. ಆರ್ನಾಲ್ಡ್ ಪಾಮರನ ಏಳೂ ೨೮ರಿಂದ ೩೪ರ ಒಳಗೆ. ಟಾಮ್ ವಾಟ್ಸನ್ ಅವರ ಎಂಟೂ ೨೫ರಿಂದ ೩೩ರ ಒಳಗೆ. ಗ್ಯಾರಿ ಪ್ಲೇಯರ್ ಅವರ ಒಂಬತ್ತು ೨೩ರಿಂದ ೪೨ರ ವರೆಗೆ ಹರಡಿಕೊಂಡಿವೆ. ರೋರಿ ಮೆಕಿಲ್ರಾಯ್ ೨೫ನೆಯ ವಯಸ್ಸಿಗೇ ನಾಲ್ಕನ್ನು ಗೆದ್ದು, ಐದನೆಯದಕ್ಕಾಗಿ ೨೦೧೪ರಿಂದ ೨೦೨೫ರ ವರೆಗೆ ಕಾದರು. ಫಿಲ್ ಮಿಕಲ್ಸನ್ ಅವರದು ಹೋಗನ್ನನ ಜಾತಿ: ಮೊದಲ ಮಹಾಪ್ರಶಸ್ತಿ ೨೦೦೪ರಲ್ಲಿ ೩೩ನೆಯ ವಯಸ್ಸಿಗೆ, ಆರನೆಯದು ೨೦೨೧ರಲ್ಲಿ ಐವತ್ತು ತುಂಬಿ ಹನ್ನೊಂದು ತಿಂಗಳಾದ ಮೇಲೆ. ಅದಕ್ಕೆ ಹಿಂದೆ ಈ ದಾಖಲೆಯು, ೧೯೬೮ರಲ್ಲಿ ೪೮ನೆಯ ವಯಸ್ಸಿನಲ್ಲಿ ಗೆದ್ದ ಜೂಲಿಯಸ್ ಬೋರೋಸನ ಹೆಸರಿನಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಉಳಿದಿತ್ತು.

ಈ ಅಂಕಿಗಳಿಂದ ಯಾವ ತೀರ್ಮಾನಕ್ಕೆ ಬರಬಹುದು? ವಿಜಯಗಳ ಗುಂಪು ಇಪ್ಪತ್ತೈದರಿಂದ ಮೂವತ್ತೈದರ ನಡುವೆ ದಟ್ಟವಾಗಿದೆ ಎಂಬುದೂ, ನಲವತ್ತೈದನ್ನು ದಾಟಿ ಮಹಾಪ್ರಶಸ್ತಿಯನ್ನು ಪಡೆದವರನ್ನು ಬೆರಳುಗಳಿಂದ ಎಣಿಸಬಹುದೆಂಬುದೂ ನಿರ್ವಿವಾದ. ಜಾತ್ರೆಯ ಹಿರಿಯರ ಮಾತು ಅಷ್ಟರಮಟ್ಟಿಗೆ ಸುಳ್ಳಲ್ಲ. ಆದರೆ ದಟ್ಟಣೆಯು ಎಲ್ಲಿದೆ ಎಂಬುದನ್ನು ಮಿತಿಯು ಎಲ್ಲಿದೆ ಎಂಬುದರೊಡನೆ ಬೆರೆಸುವುದು ದೋಷ. ಪ್ರತಿಯೊಬ್ಬನ ಬದುಕಿನಲ್ಲಿಯೂ ಎರಡು ಬೇರೆ ಬೇರೆ ತೇದಿಗಳಿವೆ: ಮೊದಲು ಗೆದ್ದ ತೇದಿ, ಕೊನೆಗೆ ಗೆದ್ದ ತೇದಿ. ಇವೆರಡನ್ನೂ ಒಂದೇ ಕಾರಣವು ಆಳುವುದಿಲ್ಲ. ಮೊದಲನೆಯದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವಕಾಶ: ಮನೆಯ ಸ್ಥಿತಿ, ಮೈದಾನದ ಸಾಮೀಪ್ಯ, ಕಲಿಸುವವರು, ಯುದ್ಧ, ಹಣ. ನಿಕ್ಲಾಸ್ ಅವರಿಗೆ ೨೨ರಲ್ಲಿ ದೊರೆತುದು ಹೋಗನ್ನನಿಗೆ ೩೪ರಲ್ಲಿ ದೊರೆಯಿತು. ಇಬ್ಬರ ದೇಹಗಳಲ್ಲಿ ಹನ್ನೆರಡು ವರ್ಷಗಳ ಅಂತರವಿತ್ತೆಂದು ಯಾರೂ ವಾದಿಸಲಾರರು. ಎರಡನೆಯದರಲ್ಲಿ ವಯಸ್ಸಿನ ಕೈ ನಿಜವಾಗಿಯೂ ಇದೆ, ಆದರೆ ಅದು ನಾವು ಊಹಿಸುವ ಸ್ಥಳದಲ್ಲಿಲ್ಲ. ಗಾಲ್ಫ್ ಆಟಗಾರನಲ್ಲಿ ಮೊದಲು ಕೈಕೊಡುವುದು ತೋಳಿನ ಬಲವಲ್ಲ. ಐದಾರು ಅಡಿ ದೂರದ ಕುಳಿಗೆ ಚೆಂಡನ್ನು ಉರುಳಿಸುವ ಸ್ಥೈರ್ಯ. ವಾರ್ಡನ್ನನಿಗೆ ಹೀಗೆಯೇ ಆಯಿತು, ಹೋಗನ್ನನಿಗೂ ಆಯಿತು. ೨೦೦೯ರಲ್ಲಿ ವಾಟ್ಸನ್ ಅವರು ೫೯ನೆಯ ವಯಸ್ಸಿನಲ್ಲಿ ಓಪನ್ನಿನ ಕೊನೆಯ ಕುಳಿಯವರೆಗೂ ಮುಂದಿದ್ದರು. ಗೆಲ್ಲಲು ಬೇಕಾಗಿದ್ದುದು ಸುಮಾರು ಎಂಟು ಅಡಿಯ ಒಂದು ಹೊಡೆತ. ಅದು ತಪ್ಪಿತು, ಸಮಬಲವಾದ ಮೇಲಿನ ಹೆಚ್ಚಿನ ಆಟದಲ್ಲಿ ಸ್ಟೂವರ್ಟ್ ಸಿಂಕ್ ಗೆದ್ದರು.

ಇನ್ನೊಂದು ಎಚ್ಚರಿಕೆಯನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿದೆ. ಮೇಲೆ ಹೆಸರಿಸಿದವರೆಲ್ಲ ಗೆದ್ದವರು. ಗೆದ್ದವರ ಪಟ್ಟಿಯನ್ನು ಮಾತ್ರ ಓದಿ ವಯಸ್ಸಿನ ನಿಯಮವನ್ನು ಬರೆಯುವುದು, ಬದುಕಿ ಬಂದ ಸೈನಿಕರನ್ನು ಮಾತ್ರ ವಿಚಾರಿಸಿ ಯುದ್ಧದ ಇತಿಹಾಸವನ್ನು ಬರೆದಂತೆ. ಇಪ್ಪತ್ತೆರಡಕ್ಕೆ ಕೋಲು ಕೆಳಗಿಟ್ಟು ಅಂಗಡಿಗೋ ಕಚೇರಿಗೋ ಹೋದವರು ಪಟ್ಟಿಯಲ್ಲಿಲ್ಲ. ಮೂವತ್ತಕ್ಕೆ ಗೆಲ್ಲಬಹುದಾಗಿದ್ದವರು ಅವರಲ್ಲಿ ಎಷ್ಟು ಮಂದಿಯೋ. ಮೂವತ್ತರ ಮೇಲಿನ ವಿಜೇತರು ಕಡಮೆ ಇರುವುದಕ್ಕೆ ಒಂದು ಕಾರಣ, ಮೂವತ್ತರ ಮೇಲೆ ಆಡಲು ಅನುಕೂಲವುಳ್ಳವರೇ ಕಡಮೆ ಎಂಬುದು. ಐವತ್ತು ತುಂಬಿದವರಿಗಾಗಿ ಅಮೆರಿಕದಲ್ಲಿ ೧೯೮೦ರಲ್ಲಿ ಪ್ರತ್ಯೇಕ ಪಂದ್ಯಮಾಲೆಯೊಂದನ್ನು ಏರ್ಪಡಿಸಿದಾಗ ಇದು ಚೆನ್ನಾಗಿ ಬಯಲಾಯಿತು. ಸ್ಪರ್ಧೆಯನ್ನೂ ಸಂಪಾದನೆಯನ್ನೂ ಒದಗಿಸಿದೊಡನೆ ಮುಗಿದರೆಂದು ಎಣಿಸಿದ್ದವರು ಮತ್ತೆ ಗೆಲ್ಲತೊಡಗಿದರು. ಬರ್ನ್‌ಹಾರ್ಡ್ ಲಾಂಗರ್ ಅವರು ಆ ಮಾಲೆಯಲ್ಲಿ ತಮ್ಮ ನಲವತ್ತಾರನೆಯ ಪ್ರಶಸ್ತಿಯನ್ನು ಗೆದ್ದುದು ೨೦೨೩ರಲ್ಲಿ, ೬೫ನೆಯ ವಯಸ್ಸಿನಲ್ಲಿ.

ಇನ್ನು ನಮ್ಮ ದೇಶದ ಕಡೆಗೆ ಬರೋಣ. ಭಾರತದಲ್ಲಿ ಗಾಲ್ಫ್ ಹಳೆಯದು. ಕಲ್ಕತ್ತೆಯ ಸಂಸ್ಥೆಯು ೧೮೨೯ರದು, ಬೆಂಗಳೂರು ಗಾಲ್ಫ್ ಕ್ಲಬ್ಬು ೧೮೭೬ರದು. ಭಾರತೀಯ ಓಪನ್ ಪಂದ್ಯಾವಳಿಯು ಮೊದಲು ನಡೆದುದು ೧೯೬೪ರಲ್ಲಿ. ಅದನ್ನು ಗೆದ್ದವರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. ಆಗ ಅವರಿಗೆ ೩೪ ವರ್ಷ. ಬ್ರಿಟಿಷ್ ಓಪನ್ನನ್ನು ಐದು ಸಲ ಗೆದ್ದ ಈ ಆಟಗಾರರು ಭಾರತೀಯ ಓಪನ್ನನ್ನು ೧೯೬೬ರಲ್ಲಿ ಮತ್ತೊಮ್ಮೆ, ಹತ್ತು ವರ್ಷ ಕಳೆದು ೧೯೭೬ರಲ್ಲಿ ೪೬ನೆಯ ವಯಸ್ಸಿಗೆ ಮಗುದೊಮ್ಮೆ ಗೆದ್ದರು. ೧೯೮೫ರಲ್ಲಿ, ಐವತ್ತೈದನ್ನು ದಾಟಿದ ಮೇಲೆ, ಮೇಲೆ ಹೇಳಿದ ಹಿರಿಯರ ಮಾಲೆಯಲ್ಲಿ ಒಂದೇ ವರ್ಷ ಒಂಬತ್ತು ಪ್ರಶಸ್ತಿಗಳನ್ನು ಪಡೆದರು. ಥಾಮ್ಸನ್ ಅವರದು ಬಲದ ಆಟವಲ್ಲ. ನೆಲವನ್ನೂ ಗಾಳಿಯನ್ನೂ ಓದಿ ಆಡುವ ಆಟ. ಅಂತಹ ವಿದ್ಯೆಯು ವಯಸ್ಸಿನೊಡನೆ ಸವೆಯುವುದು ನಿಧಾನ.

ಕರ್ಣಾಟಕದ ಆಟಗಾರರಲ್ಲಿ ಇಬ್ಬರನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಅವಕಾಶದ ವಿಷಯವು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಅವರು ೧೯೯೮ರ ಮಾರ್ಚಿನಲ್ಲಿ ಹುಟ್ಟಿದವರು. ಐದನೆಯ ವಯಸ್ಸಿಗೆ ಕೋಲು ಹಿಡಿದರು. ತಂದೆ ತಾಯಿಗಳ ಬೆಂಬಲವೂ ಒಳ್ಳೆಯ ಮೈದಾನವೂ ದೊರೆತವು. ೨೦೧೬ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ರಿಯೊ ಒಲಿಂಪಿಕ್ಸಿನಲ್ಲಿ ಆಡಿ, ಅದೇ ವರ್ಷ ಮಹಿಳೆಯರ ಭಾರತೀಯ ಓಪನ್ನನ್ನು ಗೆದ್ದರು. ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದರು. ಬೆಂಗಳೂರಿನವರೇ ಆದ ಸಿ. ಮುನಿಯಪ್ಪ ಅವರು ಆಟವನ್ನು ಕಲಿತುದು ಹೋಗನ್ನನಂತೆ, ಇತರರ ಚೀಲ ಹೊತ್ತು. ೨೦೦೯ರಲ್ಲಿ ಅವರು ಕೊರಿಯದ ಆಟಗಾರನೊಬ್ಬನನ್ನು ಹೆಚ್ಚಿನ ಆಟದಲ್ಲಿ ಸೋಲಿಸಿ ಭಾರತೀಯ ಓಪನ್ ಪ್ರಶಸ್ತಿಯನ್ನು ಪಡೆದರು. ಅವರಿಗೆ ಪ್ರಶಸ್ತಿಯು ಹದಿನೆಂಟಕ್ಕೆ ಏಕೆ ಬರಲಿಲ್ಲವೆಂದು ದೇಹಶಾಸ್ತ್ರವನ್ನು ಕೇಳಿ ಪ್ರಯೋಜನವಿಲ್ಲ. ಕ್ಯಾಡಿಯಾದ ಹುಡುಗನಿಗೆ ಮೈದಾನವು ಕೆಲಸದ ಸ್ಥಳ; ಆಡುವ ಸ್ಥಳವಾಗುವುದು ಕೆಲಸ ಮುಗಿದ ಮೇಲೆ.

ಆಟದಿಂದ ಆಟಕ್ಕೆ ಮಿತಿಗಳು ಬೇರೆಯಾಗುತ್ತವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಓಟವೂ ನೆಗೆತವೂ ಪ್ರಧಾನವಾದ ಬ್ಯಾಡ್ಮಿಂಟನ್ನಿನಲ್ಲಿ ಪ್ರಕಾಶ್ ಪಡುಕೋಣೆ ಅವರು ಹದಿನಾರರ ವಯಸ್ಸಿಗೇ ರಾಷ್ಟ್ರೀಯ ಚಾಂಪಿಯನ್ ಆಗಿ, ೧೯೮೦ರಲ್ಲಿ ೨೪ನೆಯ ವಯಸ್ಸಿಗೆ ಆಲ್ ಇಂಗ್ಲೆಂಡ್ ಪ್ರಶಸ್ತಿಯ ಶಿಖರವನ್ನು ಮುಟ್ಟಿದರು. ಕಣ್ಣು ಮತ್ತು ಕೈಗಳ ಸ್ಥೈರ್ಯದ ಆಟವಾದ ಬಿಲಿಯರ್ಡ್ಸ್ ಮತ್ತು ಸ್ನೂಕರಿನಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ಅವರ ವಿಶ್ವಪ್ರಶಸ್ತಿಗಳು ೨೦೦೩ರಲ್ಲಿ ಹದಿನೆಂಟಕ್ಕೆ ಮೊದಲಾಗಿ ೨೦೨೪ರಲ್ಲಿ ಮೂವತ್ತೊಂಬತ್ತಕ್ಕೆ ಇಪ್ಪತ್ತೆಂಟಾದವು. ಗಾಲ್ಫ್ ಈ ಎರಡನೆಯ ಕುಲಕ್ಕೆ ಹತ್ತಿರವಾದುದು. ಹಾಗಾದರೆ ಅದರ ನಿಯಮವನ್ನು ನಮ್ಮ ಕುಸ್ತಿಗೂ ಓಟಕ್ಕೂ ಅನ್ವಯಿಸಬಹುದೆ ಎಂದು ವಾಚಕರು ಕೇಳಬಹುದು. ಕೊನೆಯ ವಿಜಯದ ವಿಷಯದಲ್ಲಿ ಅನ್ವಯಿಸಲಾಗದು. ಮೊದಲ ವಿಜಯದ ವಿಷಯದಲ್ಲಿ ಹೆಚ್ಚು ಬಲವಾಗಿಯೇ ಅನ್ವಯಿಸುತ್ತದೆಂದು ನಮ್ಮ ಮತ.

ಇದಕ್ಕೆ ಉದಾಹರಣೆಯು ನಮ್ಮ ಜಿಲ್ಲೆಯ ಕೇಂದ್ರದಲ್ಲಿಯೇ ಇದೆ. ದಾವಣಗೆರೆಯಲ್ಲಿ ೧೯೮೪ರ ಫೆಬ್ರವರಿಯಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ ಅವರು ವೇಗದ ಬೌಲರು. ದೇಹವನ್ನು ಬಹು ಬೇಗ ಸವೆಸುವ ವೃತ್ತಿ ಅದು. ರಾಜ್ಯದ ಪರವಾಗಿ ರಣಜಿ ಪಂದ್ಯಗಳಿಗೆ ಅವರು ಕಾಲಿಟ್ಟುದು ೨೦೦೪ರಲ್ಲಿ, ಇಪ್ಪತ್ತು ತುಂಬಿದ ಮೇಲೆ. ಏಕೈಕ ಟೆಸ್ಟ್ ಪಂದ್ಯವನ್ನು ೨೦೧೨ರ ಜನವರಿಯಲ್ಲಿ ಪರ್ತ್ ನಗರದಲ್ಲಿ ಆಡಿದರು. ಮುಂದೆ ಟೆಸ್ಟ್ ತಂಡಕ್ಕೆ ಕರೆ ಬರಲಿಲ್ಲ. ‘ಕಾಲ ಮುಗಿಯಿತು’ ಎನ್ನಲು ಇದು ತಕ್ಕ ಘಳಿಗೆಯಾಗಿತ್ತು. ಆದರೆ ಅವರ ನಾಯಕತ್ವದಲ್ಲಿ ಕರ್ಣಾಟಕವು ರಣಜಿ ಪ್ರಶಸ್ತಿಯನ್ನು ೨೦೧೩-೧೪ರಲ್ಲಿಯೂ ೨೦೧೪-೧೫ರಲ್ಲಿಯೂ ಸತತವಾಗಿ ಗೆದ್ದಿತು. ಎರಡನೆಯ ಸಲದ ಅಂತಿಮ ಪಂದ್ಯದಲ್ಲಿ, ೩೧ನೆಯ ವಯಸ್ಸಿನಲ್ಲಿ, ತಮಿಳುನಾಡಿನ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ ಐದು ವಿಕೆಟ್ಟುಗಳನ್ನು ಕಿತ್ತು, ಬ್ಯಾಟು ಹಿಡಿದು ಶತಕವನ್ನೂ ಬಾರಿಸಿದರು. ೨೦೧೭ರ ಡಿಸೆಂಬರಿನಲ್ಲಿ, ೩೩ನೆಯ ವಯಸ್ಸಿಗೆ, ನಾಗಪುರದಲ್ಲಿ ಮುಂಬಯಿಯ ವಿರುದ್ಧ ಹ್ಯಾಟ್ರಿಕ್ ಪಡೆದರು. ೨೦೨೧ರಲ್ಲಿ ನಿವೃತ್ತರಾದಾಗ ಅವರ ಪ್ರಥಮ ದರ್ಜೆಯ ವಿಕೆಟ್ಟುಗಳು ಐನೂರನ್ನು ದಾಟಿದ್ದವು. ಜಾತ್ರೆಯ ಲೆಕ್ಕದ ಪ್ರಕಾರ ಮುಗಿದವನೆನಿಸುವ ವಯಸ್ಸಿನಲ್ಲಿ ಅವರ ಮುಖ್ಯ ವಿಜಯಗಳು ನಡೆದಿವೆ.

ಜಗಳೂರಿನ ಕಡೆಯ ಆ ವಿದ್ಯಾರ್ಥಿಗೆ ಹೇಳಿದ ಮಾತನ್ನು ಈಗ ನೆನೆದರೆ ನಮಗೆ ಸಂಕೋಚವಾಗುತ್ತದೆ. ಅವನು ತಡವಾಗಿ ಬಂದುದು ನಿಜ. ತಡವಾದುದು ಅವನ ದೇಹದಿಂದಲ್ಲ. ಅವನ ಊರಿಗೆ ಮೈದಾನವೂ ಕಲಿಸುವವರೂ ಇಲ್ಲದುದರಿಂದ. ಇವೆರಡನ್ನೂ ‘ವಯಸ್ಸು’ ಎಂಬ ಒಂದೇ ಪದದಲ್ಲಿ ಬರೆದುಕೊಳ್ಳುವವರೆಗೆ ನಮ್ಮ ಆಯ್ಕೆಗಳು ಮಾರಿಸನ ಮಗನನ್ನು ಕಂಡುಹಿಡಿಯುತ್ತವೆ, ಹೋಗನ್ನನನ್ನು ಹಿಂದಕ್ಕೆ ಕಳುಹಿಸುತ್ತವೆ. ಆ ಹುಡುಗನು ಮತ್ತೆ ಮೈದಾನಕ್ಕೆ ಬರಲಿಲ್ಲ.

ನಾಲ್ಕೂ ತಾಲ್ಲೂಕುಗಳಲ್ಲಿ ಗರಡಿಯಾಳುಗಳ ಹಿರಿಯ ತಲೆಮಾರು ಇನ್ನೂ ಬದುಕಿರುವಾಗಲೇ ಅವರ ಹೇಳಿಕೆಗಳನ್ನು ಬರೆದಿಟ್ಟುಕೊಳ್ಳುವುದು ಅವಶ್ಯಕ. ಹುಟ್ಟಿದ ವರ್ಷವನ್ನು ದಾಖಲೆಯಿಂದಲೂ ಊರಿನ ಘಟನೆಗಳಿಂದಲೂ ಪ್ರತ್ಯೇಕವಾಗಿ ಗೊತ್ತುಮಾಡಬೇಕು. ಮಟ್ಟಿಗೆ ಮೊದಲು ಇಳಿದುದು ಎಂದು, ಕೊನೆಯ ಜೋಡಿ ಯಾರೊಡನೆ, ಬಿಟ್ಟುದು ಏತಕ್ಕೆ ಎಂಬುದನ್ನು ಕೇಳಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಇದನ್ನು ರಜೆಯ ಕಾಲದಲ್ಲಿ ಮಾಡಬಹುದು. ನಾವು ಚನ್ನಗಿರಿ ತಾಲ್ಲೂಕಿನಲ್ಲಿ ಹೀಗೆ ವಿಚಾರಿಸಿದ ಹಿರಿಯರೊಬ್ಬರು ತಮ್ಮ ಕೊನೆಯ ಜಾತ್ರೆಯ ಕುಸ್ತಿಯನ್ನು ಗೆದ್ದಾಗ ಶಾಲೆಯ ದಾಖಲೆಯಂತೆ ೩೮ ವರ್ಷದವರು; ತಾಯಿ ಹೇಳುತ್ತಿದ್ದ ನಾಲೆಯ ನೀರಿನ ಲೆಕ್ಕದಂತೆ ೪೧. ವಯಸ್ಸಾಯಿತೆಂದು ಬಿಟ್ಟಿರೇನು ಎಂದು ಕೇಳಿದೆವು. ಅವರು ತಲೆಯಾಡಿಸಿ, ‘ಅದಲ್ಲ ಮೇಷ್ಟ್ರೇ, ಆ ವರ್ಷ ಅಡಿಕೆ ಸಸಿ ಇಟ್ಟಿದ್ವಿ. ನೀರು ಕಟ್ಟೋಕೆ ಮನೇಲಿ ಬೇರೆ ಆಳಿರಲಿಲ್ಲ’ ಎಂದರು.